ಕೋವಿ: ಕಾರ್ಖಾನೆಯದೋ, ಮೇಸ್ತ್ರಿಯ ಕೈಯದೋ?

ಭತ್ತದ ತೆನೆ ಹಾಲುಗಟ್ಟುವ ಹೊತ್ತಿಗೆ ಮಲೆನಾಡಿನ ರೈತರ ಮನೆಗಳಲ್ಲಿ ಬೀರುವಿನೊಳಗಿನ ಕೋವಿ ಹೊರಗೆ ಬರುತ್ತದೆ. ಅದನ್ನು ಒರೆಸಲು ಕುಳಿತರೆ ಸಾಕು, ಜಗಲಿಯ ಮೇಲೆ ಒಂದು ಚರ್ಚೆ ಹುಟ್ಟದೆ ಇರದು. ‘ಸರ್ಕಾರಿ ಕಾರ್ಖಾನೆಯ ಕೋವಿಯೇ ಕೋವಿ’ ಎಂದು ಒಬ್ಬರು. ‘ಹಳೆಯ ಮೇಸ್ತ್ರಿಗಳು ಕೈಯಲ್ಲಿ ಉಜ್ಜಿ ಮಾಡಿದ್ದರ ಮುಂದೆ ಇದೇನು ಮಹಾ’ ಎಂದು ಇನ್ನೊಬ್ಬರು. ನಲವತ್ತು ವರ್ಷಗಳಿಂದ ಈ ಮಾತು ಕೇಳುತ್ತಾ ಬಂದಿದ್ದೇನೆ. ಒಂದು ಕಾಲಕ್ಕೆ ಎರಡನೆಯವರ ಪಕ್ಷ ಹಿಡಿದು ಗಂಟಲು ಹರಿಯುವಂತೆ ವಾದಿಸಿದವನೂ ಹೌದು. ಇಂದು ನನ್ನ ಅಭಿಪ್ರಾಯ ಬೇರೆ. ಅದನ್ನು ನಿಮ್ಮ ಮುಂದಿಡುತ್ತೇನೆ. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಬೆಳೆ ರಕ್ಷಣೆಯ ಲೈಸೆನ್ಸ್ ಎಂದರೆ ಬೇಟೆಯ ಲೈಸೆನ್ಸ್ ಅಲ್ಲ. 1972ರ ವನ್ಯಜೀವಿ ರಕ್ಷಣಾ ಕಾಯಿದೆಯ ಪ್ರಕಾರ, ಹಂದಿ ಬೆಳೆ ತಿಂದಿತೆಂದು ಅಧಿಕಾರಿಗಳ ಅನುಮತಿ ಇಲ್ಲದೆ ಹೊಡೆಯುವಂತಿಲ್ಲ. 1959ರ ಆಯುಧ ಕಾಯಿದೆ ಬೆಳೆ ರಕ್ಷಣೆಗೆಂದು ಮೊದಲು ಹೆಸರಿಸುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನೇ, ಅಂದರೆ ನಮ್ಮ ಕೇಪಿನ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ನಯ ನಳಿಗೆಯ ತೋಟಾ ಕೋವಿಗೆ ಅವಕಾಶವುಂಟು. ನಳಿಗೆಯೊಳಗೆ ತಿರುಗುಗೆರೆ ಇರುವ ರೈಫಲ್ಲಿನ ಲೆಕ್ಕವೇ ಬೇರೆ. ಆದರೂ ಕಾರ್ಖಾನೆ ಹೆಚ್ಚೋ ಕೈಕೆಲಸ ಹೆಚ್ಚೋ ಎಂಬುದನ್ನು ಅರಿಯಲು ರೈಫಲ್ಲಿನ ಕಥೆಯೇ ಒಳ್ಳೆಯ ಪಾಠ.

ಬೇಟೆಯ ಕಾಲದ ಎರಡು ಹೆಸರಾಂತ ರೈಫಲ್ಲುಗಳನ್ನು ನೋಡಿ. ಚಂಪಾವತದ ನರಭಕ್ಷಕ ಹುಲಿಯನ್ನು 1907ರಲ್ಲಿ ಹೊಡೆದ ಜಿಮ್ ಕಾರ್ಬೆಟ್ಟರಿಗೆ ಬಹುಮಾನವಾಗಿ ಬಂದದ್ದು ಲಂಡನ್ನಿನ ರಿಗ್ಬಿ ಅವರ .275 ರೈಫಲ್. ರಿಗ್ಬಿ ಎಂದರೆ ಕುಶಲ ಕೈಕೆಲಸಕ್ಕೆ ಹೆಸರಾದ ಮನೆ. ಆದರೆ ಆ ರೈಫಲ್ಲಿನ ಗುಂಡಿಗೆ ಯಾವುದು? ತೋಟಾ ತಳ್ಳಿ, ಬಾಗಿಲು ಮುಚ್ಚಿ, ಒತ್ತಡವನ್ನು ತಡೆದು ಹಿಡಿಯುವ ಯಂತ್ರಭಾಗ ಜರ್ಮನಿಯ ಮೌಸರ್ ಕಾರ್ಖಾನೆಯ ಮಾದರಿಯದು. ಸಾವಿರ ಸಾವಿರ ಸಿಪಾಯಿಗಳ ಕೈಯಲ್ಲಿ ಪಳಗಿದ ಆ ಯಂತ್ರಕ್ಕೆ ಮೇಸ್ತ್ರಿಗಳು ಮರ ಕೂರಿಸಿ, ಗುರಿಯ ಕಡ್ಡಿ ಹೊಂದಿಸಿ ಬೇಟೆಗೆ ಒಗ್ಗಿಸಿದರು.

ಇನ್ನೊಂದು ನಮ್ಮ ಹತ್ತಿರದ್ದೇ. ಬೆಂಗಳೂರಿನಲ್ಲಿ ನೆಲೆಸಿ 1974ರಲ್ಲಿ ತೀರಿಕೊಂಡ ಕೆನೆತ್ ಆ್ಯಂಡರ್ಸನ್ನರ ಕಾಡಿನ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ ನೀವು ಓದಿರುತ್ತೀರಿ. ಅವರ ನೆಚ್ಚಿನ .405 ವಿಂಚೆಸ್ಟರ್ ಅಮೆರಿಕದ ಕಾರ್ಖಾನೆಯಿಂದ ಬಂದ ಮಾಲು. ಅದನ್ನೇ ನಂಬಿ ಅವರು ನರಭಕ್ಷಕಗಳ ಎದುರು ನಿಂತರು. ಕಾರ್ಖಾನೆಯದು ಎಂದಮಾತ್ರಕ್ಕೆ ಕೀಳಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗೆಂದು ಕಾರ್ಖಾನೆಯ ಹೆಸರನ್ನೇ ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಅದೇ ವಿಂಚೆಸ್ಟರ್ ಕಂಪನಿ 1964ರಲ್ಲಿ ಖರ್ಚು ಉಳಿಸಲು ತನ್ನ ‘ಮಾಡೆಲ್ 70’ ರೈಫಲ್ಲಿನ ರೂಪವನ್ನು ಬದಲಿಸಿತು. ಖಾಲಿ ತೋಟಾವನ್ನು ಗಟ್ಟಿಯಾಗಿ ಕಚ್ಚಿ ಎಳೆಯುತ್ತಿದ್ದ ದೊಡ್ಡ ಕೊಕ್ಕೆ ಹೋಯಿತು. ಮರದ ಮೇಲೆ ಉಳಿಯಿಂದ ಕೊರೆಯುತ್ತಿದ್ದ ಹಿಡಿತದ ಗೆರೆಗಳನ್ನು ಅಚ್ಚೊತ್ತಿ ಮೂಡಿಸಿದರು. ಅಲ್ಲಿನ ಬೇಟೆಗಾರರು ಮುಖ ತಿರುಗಿಸಿದರು. 1964ಕ್ಕೆ ಮೊದಲಿನ ರೈಫಲ್ಲುಗಳನ್ನೇ ಇಂದಿಗೂ ಹುಡುಕಿ ಹೆಚ್ಚು ಬೆಲೆ ಕೊಟ್ಟು ಕೊಳ್ಳುವವರಿದ್ದಾರೆ. ಹೆಸರು ಅದೇ, ಕಾರ್ಖಾನೆ ಅದೇ. ಮಾಲು ಮಾತ್ರ ಬೇರೆ.

ಹಾಗಾದರೆ ಯಾವ ಕೆಲಸ ಯಾರಿಗೆ ಸೇರಿದ್ದು? ನನ್ನ ಉತ್ತರ ಇಷ್ಟು: ಉಕ್ಕು ಕಾರ್ಖಾನೆಯದಿರಲಿ, ಹೊಂದಿಕೆ ಮೇಸ್ತ್ರಿಯದಿರಲಿ. ನಳಿಗೆಯೊಳಗೆ ಮದ್ದು ಉರಿದಾಗ ಹುಟ್ಟುವ ಒತ್ತಡ ಎಂಥದೆಂದು ಕಣ್ಣಿಗೆ ಕಾಣದು. ಅದನ್ನು ತಡೆಯುವ ಉಕ್ಕನ್ನು ಅಳೆದು, ಕೊರೆದು, ಹದಮಾಡುವುದು ಯಂತ್ರಗಳ ಕೆಲಸ. ಅದಕ್ಕಿಂತ ಮುಖ್ಯವಾದದ್ದು ಪರೀಕ್ಷೆ. ಮಾಮೂಲಿಗಿಂತ ಹೆಚ್ಚು ಒತ್ತಡದ ತೋಟಾ ಹಾಕಿ ಹಾರಿಸಿ, ನಳಿಗೆ ತಡೆದರೆ ಮಾತ್ರ ಮುದ್ರೆ ಒತ್ತುವ ಪದ್ಧತಿ ಬಹಳ ಹಿಂದಿನದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಇದಕ್ಕೆಂದೇ 1813ರಲ್ಲಿ ಕಾನೂನು ಮಾಡಿ ಪರೀಕ್ಷಾಗೃಹ ಸ್ಥಾಪಿಸಿದರು. ಎಷ್ಟೇ ದೊಡ್ಡ ಕುಶಲಕರ್ಮಿಯಾದರೂ ಅವನ ಕೋವಿಗೆ ಈ ಪರೀಕ್ಷೆ ತಪ್ಪಲಿಲ್ಲ. ಕೈಚಳಕ ಒತ್ತಡವನ್ನು ತಡೆಯಲಾರದು ಎಂಬುದು ಆ ಕುಶಲಕರ್ಮಿಗಳಿಗೇ ಗೊತ್ತಿತ್ತು.

ಮೇಸ್ತ್ರಿಯ ಕೈ ಬೇಕಾಗುವುದು ಎಲ್ಲಿ? ಕಾರ್ಖಾನೆಯ ಕೋವಿಯ ಮರ ಎಲ್ಲರಿಗೂ ಒಂದೇ ಅಳತೆಯದು. ನಿಮ್ಮ ತೋಳು, ಕುತ್ತಿಗೆ ಒಂದೇ ಅಳತೆಯವಲ್ಲ. ಕೋವಿ ಖಾಲಿಯಿದೆ ಎಂದು ಎರಡು ಬಾರಿ ನೋಡಿಕೊಂಡು, ಜನರಿಲ್ಲದ ಕಡೆಗೆ ಮುಖಮಾಡಿ, ಕಣ್ಣುಮುಚ್ಚಿ ಹೆಗಲಿಗೆ ಏರಿಸಿ. ಕಣ್ಣು ತೆರೆದಾಗ ನೋಟ ನೇರವಾಗಿ ತುದಿಯ ಮಣಿಯ ಮೇಲಿದ್ದರೆ ಕೋವಿ ನಿಮ್ಮದು. ಪಕ್ಕಕ್ಕೋ ಮೇಲಕ್ಕೋ ಹೋಗಿದ್ದರೆ ಮರವನ್ನು ತಿದ್ದಿಸಬೇಕು. ರೈಫಲ್ ಇದ್ದವರಿಗೆ ಇನ್ನೊಂದು ಮಾತು: ನಮ್ಮ ಮಳೆಗಾಲದಲ್ಲಿ ಮರ ಉಬ್ಬಿ ನಳಿಗೆಯನ್ನು ಒತ್ತಿದರೆ ಗುರಿಯೇ ಸರಿದುಬಿಡುತ್ತದೆ. ಆ ಒತ್ತನ್ನು ಹುಡುಕಿ ಬಿಡಿಸಲು ಅನುಭವಿಯ ಕೈಯೇ ಬೇಕು.

ಈಗ ನನ್ನ ಮನೆಯ ಕಥೆ. 1989ರಲ್ಲಿ ನಮ್ಮ ಜೋಡಿ ನಳಿಗೆಯ ತೋಟಾ ಕೋವಿಯ ಟ್ರಿಗರ್ ಬಿಗಿ ಎನಿಸಿತು. ಕೋವಿ ಕಾರ್ಖಾನೆಯದೇ, ದೋಷವೇನೂ ಇರಲಿಲ್ಲ. ಪೇಟೆಯಲ್ಲಿ ಸೈಕಲ್ ರಿಪೇರಿಯ ಜೊತೆಗೆ ಕೋವಿಯನ್ನೂ ನೋಡುತ್ತಿದ್ದ ಒಬ್ಬರಿಗೆ ಕೊಟ್ಟೆ. ಕುದುರೆಯನ್ನು ತಡೆದು ಹಿಡಿಯುವ ಕಚ್ಚನ್ನು ಅವರು ಅರದಿಂದ ಉಜ್ಜಿ ಕೊಟ್ಟರು. ಟ್ರಿಗರ್ ಬೆಣ್ಣೆಯಂತಾಯಿತು, ನನಗೂ ಖುಷಿಯಾಯಿತು. ವಾರದೊಳಗೆ ಅಡಿಕೆ ತೋಟದ ಅಗಳು ದಾಟುವಾಗ ಕೋವಿಯ ಹಿಡಿ ಕಲ್ಲಿಗೆ ತಾಗಿತು. ಬೆರಳು ಟ್ರಿಗರಿನ ಹತ್ತಿರವೂ ಇರಲಿಲ್ಲ; ಈಡು ಹಾರಿತು. ಚರೆಯೆಲ್ಲ ಒಂದು ಅಡಿಕೆ ಮರದ ಬೊಡ್ಡೆಗೆ ಹೊಕ್ಕಿತು. ಆ ಮರದಿಂದ ಎರಡು ಮಾರು ಈಚೆಗೆ ನನ್ನ ಅಣ್ಣನ ಮಗ ಲಾಟೀನು ಹಿಡಿದು ನಿಂತಿದ್ದ. ತುಂಬಿದ ಕೋವಿ ಹಿಡಿದು ಅಗಳು ದಾಟಿದ್ದು ನನ್ನ ತಪ್ಪು. ಅರಿಯದವರ ಕೈಗೆ ಕೊಟ್ಟದ್ದು ಅದಕ್ಕಿಂತ ದೊಡ್ಡ ತಪ್ಪು. ಮೇಸ್ತ್ರಿಯ ಕೈ ದೊಡ್ಡದು ಎಂದು ಜಗಲಿಯ ಮೇಲೆ ವಾದಿಸುವುದನ್ನು ಅಂದಿಗೆ ಬಿಟ್ಟೆ. ಯಾವ ಮೇಸ್ತ್ರಿ ಎಂದು ಕೇಳುವುದನ್ನು ಕಲಿತೆ.

ಅಜ್ಜನ ಕಾಲದ ಕೋವಿ ಇರುವವರು ಇನ್ನಷ್ಟು ಎಚ್ಚರವಾಗಿರಬೇಕು. ನಳಿಗೆಯ ಮೇಲೆ ಚಾಪೆ ಹೆಣೆದಂತೆ ಸುತ್ತುಗೆರೆ ಕಂಡರೆ ಅದು ಪಟ್ಟಿ ಸುತ್ತಿ ಬಡಿದು ಮಾಡಿದ ಡಮಾಸ್ಕಸ್ ನಳಿಗೆ. ನೋಡಲು ಬಲು ಚೆಂದ, ಆದರೆ ಅಂಥವು ಸಾಮಾನ್ಯವಾಗಿ ಕರಿಮದ್ದಿನ ಕಾಲಕ್ಕೆ ಮಾಡಿದವು. ಇಂದಿನ ತೋಟಾ ಹಾಕಿದರೆ ಸಿಡಿಯಬಹುದು. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ತೋಟಾ ಕೂರುವ ಗೂಡು 65 ಮಿಲಿಮೀಟರಿನದಾಗಿದ್ದು, ಅದಕ್ಕೆ 70 ಮಿಲಿಮೀಟರಿನ ತೋಟಾ ಹಾಕಿದರೆ ಒತ್ತಡ ಏರುತ್ತದೆ. ಮಡಿಸುವ ಕೋವಿಯನ್ನು ಖಾಲಿಮಾಡಿ, ಮುಚ್ಚಿ ಅಲುಗಾಡಿಸಿ ನೋಡಿ. ಕೀಲಿನಲ್ಲಿ ಗಡಗಡ ಎಂದರೆ ಹಾರಿಸಬೇಡಿ. ಕೇಪಿನ ಕೋವಿಗೆ ಶತ್ರು ತುಕ್ಕು. ಕರಿಮದ್ದಿನ ಕಿಟ್ಟ ತೇವ ಹೀರುತ್ತದೆ. ಹಾರಿಸಿದ ದಿನವೇ ಬಿಸಿನೀರಿನಿಂದ ತೊಳೆದು, ಒಣಗಿಸಿ, ಎಣ್ಣೆ ಸವರದಿದ್ದರೆ ಒಳಗೊಳಗೇ ನಳಿಗೆ ತಿಂದುಹೋಗುತ್ತದೆ.

ಮತ್ತೊಂದು ಬಗೆಯ ‘ಕೈಕೆಲಸ’ದ ಮಾತನ್ನೂ ಮುಚ್ಚಿಡದೆ ಹೇಳಬೇಕು. ಅಗ್ಗಕ್ಕೆ ಸಿಗುತ್ತದೆಂದು ಕುಲುಮೆಯಲ್ಲಿ ನೀರಿನ ಪೈಪಿನಿಂದ ಮಾಡಿಸಿದ ಕಳ್ಳಕೋವಿ ಇಟ್ಟುಕೊಳ್ಳುವವರು ನಮ್ಮ ನಡುವೆ ಇಲ್ಲದಿಲ್ಲ. ಪೈಪು ನೀರಿಗಾಗಿ ಮಾಡಿದ್ದು, ಮದ್ದಿಗಲ್ಲ. ಅದು ಒಡೆದರೆ ಹೋಗುವುದು ಹಂದಿಯ ಪ್ರಾಣವಲ್ಲ, ಹಿಡಿದವನ ಕಣ್ಣು, ಕೈ. ಕಾನೂನೂ ಈಗ ಮೊದಲಿನಂತಿಲ್ಲ. 2019ರ ತಿದ್ದುಪಡಿಯ ಮೇಲೆ ಲೈಸೆನ್ಸ್ ಇಲ್ಲದೆ ಕೋವಿ ಮಾಡುವುದಕ್ಕೂ, ನಳಿಗೆ ಕೊಯ್ದು ಗಿಡ್ಡ ಮಾಡುವುದಕ್ಕೂ ಕನಿಷ್ಠ 7 ವರ್ಷ ಸೆರೆವಾಸ, ಜೀವಾವಧಿಯವರೆಗೂ ಹೋಗಬಹುದು. ಒಂದು ಗದ್ದೆ ಭತ್ತಕ್ಕೆ ಇದು ತೀರ ದುಬಾರಿ ಬೆಲೆಯಲ್ಲವೇ?

ಬಯ್ದರೆ ಸಾಲದು. ರೈತ ಕುಲುಮೆಗೋ ಸೈಕಲ್ ಅಂಗಡಿಗೋ ಹೋಗುವುದು ಏಕೆ? ರಿಪೇರಿಯ ಲೈಸೆನ್ಸ್ ಇರುವ ಒಳ್ಳೆಯ ಮೇಸ್ತ್ರಿ ಹತ್ತಿರದಲ್ಲಿ ಇಲ್ಲದ ಕಾರಣ. ಬಲ್ಲವರು ಮುದುಕರಾದರು, ಮಕ್ಕಳು ಬೇರೆ ಕೆಲಸ ಹಿಡಿದರು. ಚುನಾವಣೆ ಬಂದಾಗ ಊರ ಕೋವಿಗಳನ್ನೆಲ್ಲ ಠಾಣೆಗೆ ತರಿಸಿಕೊಳ್ಳುತ್ತಾರೆ. ಎಷ್ಟೋ ವೇಳೆ ಅದು ಬೆಳೆ ಕಾಯಬೇಕಾದ ಕಾಲವೇ ಆಗಿರುತ್ತದೆ ಎಂಬ ನಮ್ಮ ದೂರು ಇದ್ದೇ ಇದೆ. ಹೇಗೂ ಎಲ್ಲ ಕೋವಿಗಳೂ ಒಂದೇ ಕಡೆ ಸೇರಿರುವಾಗ, ಪೊಲೀಸ್ ಇಲಾಖೆಯ ಆಯುಧ ತಂತ್ರಜ್ಞರಿಂದ ಒಂದೊಂದನ್ನೂ ನೋಡಿಸಿ, ‘ಸುಸ್ಥಿತಿ’ ಅಥವಾ ‘ಹಾರಿಸಬೇಡಿ’ ಎಂದು ಒಂದು ಚೀಟಿ ಕಟ್ಟಿ ಹಿಂದಿರುಗಿಸಲು ಏನು ಕಷ್ಟ? ಆಸಕ್ತಿಯುಳ್ಳ ಯುವಕರಿಗೆ ಕಾನೂನಿನ ಚೌಕಟ್ಟಿನಲ್ಲೇ ರಿಪೇರಿಯ ತರಬೇತಿ ಕೊಟ್ಟು, ಮಲೆನಾಡಿನ ತಾಲ್ಲೂಕಿಗೊಬ್ಬರಂತೆ ಲೈಸೆನ್ಸ್ ಕೊಡಲು ಏನು ಅಡ್ಡಿ? ಸರ್ಕಾರ ಯೋಚಿಸಬೇಕು, ನಮ್ಮ ಸಂಘ, ಸೊಸೈಟಿಗಳು ಕೇಳಬೇಕು.

ಅಲ್ಲಿಯವರೆಗೆ ನಮ್ಮ ಪಾಲಿನ ಕೆಲಸವನ್ನು ನಾವು ಮಾಡೋಣ. ಇನ್ನು ಮುಂದೆ ಜಗಲಿಯ ಮೇಲೆ ಈ ಚರ್ಚೆ ಬಂದರೆ, ಕೋವಿ ಯಾರು ಮಾಡಿದ್ದು ಎಂದು ಕೇಳಿ ಸುಮ್ಮನಾಗಬೇಡಿ. ನಳಿಗೆಯ ಮೇಲೆ ಪರೀಕ್ಷೆಯ ಮುದ್ರೆ ಇದೆಯೇ, ಕೊನೆಗೆ ಕೈಯಿಟ್ಟವರು ಯಾರು, ಅವರಿಗೆ ಲೈಸೆನ್ಸ್ ಇತ್ತೇ ಎಂದು ಕೇಳಿ. ಈ ಮೂರಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಆ ಕೋವಿ ಕಾರ್ಖಾನೆಯದಾದರೇನು, ಕೈಯದಾದರೇನು, ಬೀರುವಿನಲ್ಲೇ ಇರಲಿ. ಹೋದ ಬೆಳೆಯನ್ನು ಮುಂದಿನ ವರ್ಷ ಮತ್ತೆ ಬೆಳೆಯಬಹುದು. ಲಾಟೀನು ಹಿಡಿದು ನಿಂತ ಹುಡುಗ ಮತ್ತೆ ಬರುವುದಿಲ್ಲ.