ಪ್ರಶ್ನೆ ಕೇಳದಿದ್ದರೆ ಅಂಕ

ಕೇಂದ್ರ ಪರಿಸರ ಸಚಿವಾಲಯ 2022ರ ಜನವರಿಯಲ್ಲಿ ರಾಜ್ಯಗಳ ಪರಿಸರ ಪರಿಣಾಮ ಅಂದಾಜು ಪ್ರಾಧಿಕಾರಗಳಿಗೆ ಅಂಕ ಕೊಡುವ ಪದ್ಧತಿಯೊಂದನ್ನು ತಂದಿತು. ಪರಿಸರ ಅನುಮತಿ 80 ದಿನದೊಳಗೆ ಕೊಟ್ಟರೆ ಎರಡು ಅಂಕ, 105 ದಿನದೊಳಗಾದರೆ ಒಂದು, ಇನ್ನೂ ತಡವಾದರೆ ಸೊನ್ನೆ. ಅರ್ಜಿದಾರರಿಂದ ಮತ್ತೆ ಮತ್ತೆ ವಿವರ ಕೇಳಿದರೂ, ಹೆಚ್ಚು ಸಲ ಸ್ಥಳಕ್ಕೆ ಹೋಗಿ ನೋಡಿದರೂ ಅಂಕ ಕಡಿಮೆ. ಟೀಕೆ ಬಂದಾಗ, ಇದು ದಕ್ಷತೆಗೆ ಪ್ರೋತ್ಸಾಹ ಮಾತ್ರ ಎಂದು ಸಚಿವಾಲಯ ಸಮಜಾಯಿಷಿ ಕೊಟ್ಟಿತು. ನಾನು ಒಪ್ಪುವುದಿಲ್ಲ. ಗುಡ್ಡದ ಬುಡದಲ್ಲಿ ಒರತೆ ಇದೆಯೇ, ಕಲ್ಲುಗಣಿಯ ಪಕ್ಕದಲ್ಲಿ ಶಾಲೆ ಇದೆಯೇ ಎಂದು ಹೋಗಿ ನೋಡುವುದೇ ಆ ಪ್ರಾಧಿಕಾರದ ಕೆಲಸ. ಕೆಲಸ ಮಾಡಿದ್ದಕ್ಕೆ ಅಂಕ ಕಳೆಯುವುದು ದಕ್ಷತೆಯಲ್ಲ.

ವಿಳಂಬ ಇಲ್ಲವೆಂದು ನಾನು ಹೇಳುತ್ತಿಲ್ಲ. ಸಾಲ ತೆಗೆದು ಕಾರ್ಖಾನೆ ಹಾಕಲು ಹೊರಟವರು ತಿಂಗಳುಗಟ್ಟಲೆ ಬಡ್ಡಿ ಕಟ್ಟುತ್ತ ಕಾಯುವುದು ಅನ್ಯಾಯವೇ. ಆದರೆ ಕಡತ ಎಲ್ಲಿ ನಿಲ್ಲುತ್ತದೆ ನೋಡಿ. ದೇಶದ ಮಾಲಿನ್ಯ ನಿಯಂತ್ರಣ ಮಂಡಳಿಗಳಲ್ಲಿ ಮಂಜೂರಾದ ಹುದ್ದೆಗಳ ಪೈಕಿ ಅರ್ಧದಷ್ಟು ಖಾಲಿ ಬಿದ್ದಿದ್ದವು. ಪರಿಸರ ಪರಿಣಾಮದ ಅಧ್ಯಯನ ವರದಿಯನ್ನು ಬರೆಯುವವರು ಯೋಜನೆಯ ಮಾಲೀಕರಿಂದಲೇ ಸಂಭಾವನೆ ಪಡೆಯುವ ಸಲಹೆಗಾರರು. ಬಹುತೇಕ ಯೋಜನೆಗಳಿಗೆ ಮಳೆಗಾಲ ಬಿಟ್ಟು ಒಂದು ಋತುವಿನ ಅಂಕಿಅಂಶ ಸಾಕು. ಮಲೆನಾಡಿನಲ್ಲಿ ಹಳ್ಳ ಉಕ್ಕುವುದೂ ಧರೆ ಕುಸಿಯುವುದೂ ಮಳೆಗಾಲದಲ್ಲಿ! ಅರೆಬರೆ ವರದಿ ಕೊಟ್ಟರೆ ಪ್ರಾಧಿಕಾರ ಮತ್ತೆ ವಿವರ ಕೇಳಲೇಬೇಕು. ಆ ತಡಕ್ಕೆ ಕಾರಣ ಪ್ರಶ್ನೆ ಕೇಳಿದವರಲ್ಲ.

ಅನುಮತಿಯಿಲ್ಲದೆ ಕೆಲಸ ಶುರು ಮಾಡಿ ಆಮೇಲೆ ಸಕ್ರಮ ಮಾಡಿಸಿಕೊಳ್ಳುವ ದಾರಿಯನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಮುಚ್ಚಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ 2:1 ಬಹುಮತದಿಂದ ಆ ತೀರ್ಪನ್ನು ಹಿಂಪಡೆಯಿತು. ನಿಯಮ ಪಾಲಿಸಿ ಸರದಿಯಲ್ಲಿ ನಿಂತ ಉದ್ಯಮಿಗೆ ಇದರಿಂದ ಏನು ಸಂದೇಶ ಹೋಗುತ್ತದೆ?

ಭಾಷೆಯ ವಿಷಯ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲಿಗೆ ಮುನ್ನ ಸ್ಥಳೀಯ ಭಾಷೆಯಲ್ಲಿ ವರದಿಯ ಸಾರಾಂಶ ಕೊಟ್ಟರೆ ಸಾಕು. ಲೆಕ್ಕ, ನಕ್ಷೆ, ಜೀವಿಗಳ ಪಟ್ಟಿ ಎಲ್ಲ ಇರುವ ಪೂರ್ಣ ವರದಿ ಇಂಗ್ಲಿಷಿನಲ್ಲೇ ಉಳಿಯುತ್ತದೆ. ಶರಾವತಿ ಕಣಿವೆಯ 2,000 ಮೆಗಾವ್ಯಾಟ್ ಭೂಗತ ವಿದ್ಯುತ್ ಯೋಜನೆಗೆ 2025ರ ಸೆಪ್ಟೆಂಬರ್‌ನಲ್ಲಿ ಅಹವಾಲು ಸಭೆಗಳು ನಡೆದಾಗ ಜನರ ವಿರೋಧ ತೀವ್ರವಾಗಿತ್ತು. ಸಿಂಗಳೀಕಗಳ ಕಾಡು ಅದು. ಹಿಂದೆ ಲಿಂಗನಮಕ್ಕಿಯಲ್ಲಿ ಮನೆ ತೋಟ ಮುಳುಗಿಸಿಕೊಂಡವರ ಮಕ್ಕಳು ಮೊಮ್ಮಕ್ಕಳು ಬದುಕುವ ಸೀಮೆ. ಅಂಥವರ ಕೈಗೆ ಸಾರಾಂಶ ಇಟ್ಟು ಮೂರು ನಿಮಿಷದಲ್ಲಿ ಮಾತು ಮುಗಿಸಿ ಎನ್ನಲು ಯಾವ ಸರ್ಕಾರಕ್ಕೂ ಹಕ್ಕಿಲ್ಲ.

ಭಾಷಾಂತರಕ್ಕೆ ಸಮಯವಿಲ್ಲ ಎನ್ನುವವರು 2020ನ್ನು ನೆನಪಿಸಿಕೊಳ್ಳಲಿ. ಅನುಮತಿಯನ್ನು ಸರಳಗೊಳಿಸಲೆಂದೇ ಬಂದ ಹೊಸ ಕರಡು ಅಧಿಸೂಚನೆಗೆ ಸ್ಥಳೀಯ ಭಾಷೆಗಳಲ್ಲಿ ಸಾಕಷ್ಟು ಪ್ರಚಾರ ಸಿಗಲಿಲ್ಲ ಎಂಬ ಕಾರಣಕ್ಕೆ, ಅದನ್ನು ಅಂತಿಮಗೊಳಿಸದಂತೆ ಕರ್ನಾಟಕ ಹೈಕೋರ್ಟ್ ಮಧ್ಯಂತರ ತಡೆ ನೀಡಿತು. ದೆಹಲಿ ಹೈಕೋರ್ಟ್ ಕೂಡ ಭಾಷಾಂತರಿಸಿ ಎಂದಿತು. ಕೆಲವೇ ವಾರಗಳ ಅನುವಾದದ ಕೆಲಸ ಬಿಟ್ಟದ್ದಕ್ಕೆ ಕರಡೇ ತಡೆಗೆ ಸಿಕ್ಕಿತು.