ಮೌನವನ್ನು ಸಮ್ಮತಿ ಎಂದು ಓದುವವರು

ಕಳೆದ ದೀಪಾವಳಿಗೆ ಊರಿಗೆ ಹೋದವನು ಸಾಗರದ ಹತ್ತಿರದ ನಮ್ಮ ಹೈಸ್ಕೂಲ್ ಮೇಷ್ಟ್ರ ಮನೆಗೂ ಹೋಗಿದ್ದೆ. ಮೇಷ್ಟ್ರು ತೀರಿಕೊಂಡು ಎರಡು ವರ್ಷ ದಾಟಿತ್ತು. ಅವರ ಹೆಂಡತಿಯನ್ನು ನಾವು ಹುಡುಗರೆಲ್ಲ ಅಮ್ಮ ಎಂದೇ ಕರೆಯುವುದು. ಅಮ್ಮ ಕಾಫಿ ಕೊಟ್ಟು, ಒಳಗಿನಿಂದ ಬ್ಯಾಂಕಿನ ಪಾಸ್‌ಬುಕ್ ತಂದು ಮುಂದಿಟ್ಟರು.

"ನೀನು ಕಂಪ್ಯೂಟರಿನವನು, ಇದೇನು ನೋಡು ಮಾರಾಯ. ಅವರು ಹೋದ ಮೇಲೂ ಡಿಸೆಂಬರ್ ಬಂತು ಅಂದ್ರೆ ನಾಲ್ಕು ಸಲ ದುಡ್ಡು ಹೋಗ್ತದೆ. ಬ್ಯಾಂಕಲ್ಲಿ ಕೇಳಿದ್ರೆ, ಯಾವುದೋ ಆಟೋ ಪೇ, ಮೇಷ್ಟ್ರೇ ಹಾಕಿಸಿದ್ದು ಅಂದ್ರು."

ಇಂಗ್ಲಿಷಿನ ಮುರುಕು ಅಕ್ಷರಗಳಲ್ಲಿ ಅಚ್ಚಾದ ಆ ಸಾಲುಗಳನ್ನು ನೋಡಿದ ಕೂಡಲೇ ನನಗೆ ಅರ್ಥವಾಯಿತು. ನಾಚಿಕೆಯೂ ಆಯಿತು. ಯಾಕೆಂದರೆ ಅದನ್ನು ಹಾಕಿಸಿದವನು ನಾನೇ.

ನಿವೃತ್ತರಾದ ಮೇಲೆ ಮೇಷ್ಟ್ರು ತೋಟ, ಗದ್ದೆ, ಕೊಟ್ಟಿಗೆಯ ಪದಗಳನ್ನು ಕೂಡಿಹಾಕುತ್ತಿದ್ದರು. ಕೊನೆಗೌಡ, ಕೊಟ್ಟೆ, ದಬ್ಬೆ, ಬ್ಯಾಣ, ಸೊಪ್ಪಿನ ಬೆಟ್ಟ – ಹೀಗೆ ಒಂದೊಂದು ಪದಕ್ಕೂ ಅರ್ಧ ಪುಟದ ಟಿಪ್ಪಣಿ. ಅದನ್ನೆಲ್ಲ ಇಂಟರ್‌ನೆಟ್ಟಿಗೆ ಹಾಕೋಣ ಎಂದು ದುಂಬಾಲು ಬಿದ್ದು 2014ರಲ್ಲಿ ಒಂದು ಡಾಟ್ ಕಾಮ್ ಹೆಸರು ಕೊಡಿಸಿದೆ. ಮೊದಲ ವರ್ಷಕ್ಕೆ ಬರೀ 99 ರೂಪಾಯಿ. ಹಣ ಕಟ್ಟುವ ಪುಟದಲ್ಲಿ, "ನಿಮ್ಮ ಹೆಸರನ್ನು ಬೇರೆಯವರು ಕದಿಯದಂತೆ ಕಾಪಾಡಿಕೊಳ್ಳಿ" ಎಂಬ ಹೆದರಿಕೆಯ ಜೊತೆಗೆ ಅದೇ ಹೆಸರಿನ ಇನ್ನೂ ಮೂರು ರೂಪಗಳು ಬಂದವು. ಡಾಟ್ ಇನ್, ಡಾಟ್ ನೆಟ್, ಡಾಟ್ ಇನ್ಫೋ. ಅವನ್ನೂ ಕೊಂಡೆವು. ಅಡಿಕೆ ಕೊನೆಗೆ ಕಟ್ಟುವ ಕೊಟ್ಟೆಯ ವಿವರ ಬರೆದ ಪುಟವನ್ನು ಯಾರು ಕದಿಯುತ್ತಿದ್ದರೋ ದೇವರೇ ಬಲ್ಲ. ಆಟೋ ರಿನ್ಯೂವಲ್ ಎಂಬ ಚೌಕದಲ್ಲಿ ಗುರುತು ಮೊದಲೇ ಬಿದ್ದಿತ್ತು. ನಾನು ಅದನ್ನು ತೆಗೆಯಲಿಲ್ಲ.

ಆ ಮೂರು ಹೆಸರುಗಳಲ್ಲಿ ಒಂದು ಅಕ್ಷರವೂ ಇಲ್ಲ. ಹನ್ನೊಂದು ವರ್ಷ ಅವು ಖಾಲಿ ಸೈಟುಗಳಂತೆ ಬಿದ್ದಿವೆ. 99 ರೂಪಾಯಿಯ ಹೆಸರು ಈಗ ವರ್ಷಕ್ಕೆ ಒಂದೂವರೆ ಸಾವಿರದ ಆಸುಪಾಸು, ಅದರ ಮೇಲೆ ಶೇಕಡಾ 18 ಜಿಎಸ್‌ಟಿ. ಒಬ್ಬ ಪಿಂಚಣಿದಾರನ ಮನೆಯಿಂದ, ಅವನು ಸತ್ತ ಮೇಲೂ, ಯಾರಿಗೂ ಬೇಡದ ಮೂರು ಹೆಸರಿಗೆ ಹಣ ಹೋಗುತ್ತಲೇ ಇತ್ತು.

ಇದರಲ್ಲಿ ಕಾನೂನು ಮುರಿದವರು ಯಾರೂ ಇಲ್ಲ ಎಂಬುದೇ ಸಂಕಟ. ಡಾಟ್ ಕಾಮ್‌ನಂಥ ಹೆಸರುಗಳಿಗೆ ಜಾಗತಿಕ ನಿಯಮ ಮಾಡುವುದು ಐಕ್ಯಾನ್ ಸಂಸ್ಥೆ. ಅದರ ಪ್ರಕಾರ ಹೆಸರು ಮಾರಿದ ರಿಜಿಸ್ಟ್ರಾರ್, ಅವಧಿ ಮುಗಿಯುವ ಸುಮಾರು ಒಂದು ತಿಂಗಳ ಮೊದಲು ಒಮ್ಮೆ, ಒಂದು ವಾರದ ಮೊದಲು ಒಮ್ಮೆ ನೆನಪಿಸಬೇಕು. ನೆನಪಿಸಿದ್ದರು, ಮೇಷ್ಟ್ರ ಇಮೇಲಿಗೆ. ನಮ್ಮ ರಿಸರ್ವ್ ಬ್ಯಾಂಕು 2021ರ ಅಕ್ಟೋಬರ್ 1ರಿಂದ ತಂದ ನಿಯಮದ ಪ್ರಕಾರ, ಕಾರ್ಡಿನಿಂದ ತಾನಾಗಿ ಹಣ ಹೋಗುವ 24 ಗಂಟೆ ಮೊದಲು ಗ್ರಾಹಕನಿಗೆ ತಿಳಿಸಬೇಕು. ತಿಳಿಸಿದ್ದರು, ಮೇಷ್ಟ್ರ ಮೊಬೈಲಿಗೆ. ಆ ಮೊಬೈಲು ಸ್ವಿಚ್ ಆಫ್ ಆಗಿ ಬೀರುವಿನಲ್ಲಿ ಕನ್ನಡಕದ ಡಬ್ಬಿಯ ಪಕ್ಕದಲ್ಲಿತ್ತು. ಒಮ್ಮೆ ಒಟಿಪಿ ಹಾಕಿ ಒಪ್ಪಿದರೆ ಮುಂದಿನ ಸಲ 15,000 ರೂಪಾಯಿವರೆಗೆ ಮತ್ತೆ ಒಟಿಪಿ ಬೇಕಿಲ್ಲ. ಎಲ್ಲರೂ ತಿಳಿಸಿದ್ದಾರೆ. ಯಾರೂ ಕೇಳಿಲ್ಲ. ತಿಳಿಸುವುದಕ್ಕೂ ಕೇಳುವುದಕ್ಕೂ ಇರುವ ಈ ವ್ಯತ್ಯಾಸದ ಮೇಲೆಯೇ ಒಂದು ಇಡೀ ವ್ಯಾಪಾರ ನಿಂತಿದೆ ಎಂಬುದು ನನ್ನ ತಕರಾರು.

ಮೌನವೇ ಸಮ್ಮತಿಯ ಲಕ್ಷಣ ಎಂಬ ಹಳೆಯ ಮಾತೊಂದಿದೆಯಲ್ಲ, ಅದನ್ನು ಇವರಷ್ಟು ನಿಷ್ಠೆಯಿಂದ ಪಾಲಿಸುವವರನ್ನು ನಾನು ಕಂಡಿಲ್ಲ. ಮರೆತವನ ಮೌನ, ಕಾಯಿಲೆಯಲ್ಲಿರುವವನ ಮೌನ, ಸತ್ತವನ ಮೌನ ಎಲ್ಲವೂ ಇವರಿಗೆ "ಹೌದು, ಇನ್ನೊಂದು ವರ್ಷ" ಎಂದೇ ಕೇಳಿಸುತ್ತದೆ.

ಇದಕ್ಕೆ ಅವರು ಕೊಡುವ ಉತ್ತರವೂ ಪೊಳ್ಳಲ್ಲ. ಆಟೋ ರಿನ್ಯೂವಲ್ ಇಲ್ಲದಿದ್ದರೆ ಜನ ಮರೆತು ಹೆಸರು ಕಳೆದುಕೊಳ್ಳುತ್ತಾರೆ ಎನ್ನುತ್ತಾರೆ. ನಿಜ. 1999ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್‌ನಂಥ ಕಂಪನಿಯೇ ಪಾಸ್‌ಪೋರ್ಟ್ ಡಾಟ್ ಕಾಮ್ ಹೆಸರಿಗೆ ಹಣ ಕಟ್ಟಲು ಮರೆತು, ಹಾಟ್‌ಮೇಲ್ ಬಳಸುವವರು ಒಳಗೆ ಹೋಗಲಾಗದೆ ಪರದಾಡಿದ್ದರು. ಯಾರೋ ಒಬ್ಬ ಪ್ರೋಗ್ರಾಮರ್ ತನ್ನ ಕಾರ್ಡಿನಿಂದ 35 ಡಾಲರ್ ಕಟ್ಟಿ ಅದನ್ನು ಸರಿಮಾಡಿದ. ಮೇಷ್ಟ್ರ ಡಾಟ್ ಕಾಮ್ ಇವತ್ತಿಗೂ ಉಳಿದಿರುವುದು ಇದೇ ಆಟೋ ರಿನ್ಯೂವಲ್‌ನಿಂದ. ಅದನ್ನು ಮರೆತು ಬೈದರೆ ನಾನು ಕೃತಘ್ನನಾಗುತ್ತೇನೆ.

ಆದರೆ ಕಾಳಜಿ ನಿಜವಾಗಿದ್ದರೆ ಅದು ಎರಡೂ ಕಡೆ ಒಂದೇ ತೂಕದಲ್ಲಿ ಇರಬೇಕು. ಅವಧಿ ಮುಗಿದ ಗಳಿಗೆಗೇ ಹೆಸರೇನೂ ಗಾಳಿಗೆ ಹಾರಿಹೋಗುವುದಿಲ್ಲ. ರಿಜಿಸ್ಟ್ರಿಯಲ್ಲಿ ಗರಿಷ್ಠ 45 ದಿನದ ರಿಯಾಯಿತಿ ಅವಧಿಯಿದೆ. ರಿಜಿಸ್ಟ್ರಾರ್ ಹೆಸರನ್ನು ಅಳಿಸಿದ ಮೇಲೂ 30 ದಿನ ಅದನ್ನು ಬಿಡಿಸಿಕೊಳ್ಳಬಹುದು, ಅದಕ್ಕೆ ದುಬಾರಿ ದಂಡ ತೆರಬೇಕು ಅಷ್ಟೆ. ಆಮೇಲೆ 5 ದಿನ ಕಳೆದರೆ ಮಾತ್ರ ಅದು ಎಲ್ಲರ ಪಾಲು. ಇಷ್ಟು ಕಾಲಾವಕಾಶ ಇರುವಾಗ, "ಈ ನಾಲ್ಕರಲ್ಲಿ ನಿಮಗೆ ಯಾವುದು ಬೇಕು?" ಎಂದು ಒಮ್ಮೆ ಕೇಳಲು ಏನು ಕಷ್ಟ? ಕೇಳಿದರೆ ಮೂರು ಬೇಡ ಎಂಬ ಉತ್ತರ ಬರುತ್ತದೆ. ಕಷ್ಟ ಇರುವುದು ಅಲ್ಲಿ.

ಅಮ್ಮನ ಪಕ್ಕದಲ್ಲಿ ಕೂತು ಆ ಮೂರನ್ನು ನಿಲ್ಲಿಸಲು ಹೊರಟೆ. ಮೇಷ್ಟ್ರು ಪಾಸ್‌ವರ್ಡನ್ನು ಡೈರಿಯ ಕೊನೆಯ ಪುಟದಲ್ಲಿ ದುಂಡಗೆ ಬರೆದಿಟ್ಟಿದ್ದರು. ಶುರುಮಾಡಿಸಲು ಒಂದು ಗುರುತೂ ಹಾಕಬೇಕಿರದಿದ್ದ ಸೇವೆಯನ್ನು ನಿಲ್ಲಿಸಲು ಒಂದೊಂದು ಹೆಸರಿಗೂ ಐದು ಪುಟ ದಾಟಬೇಕಾಯಿತು. "ಹೆಚ್ಚಿನ ಆಯ್ಕೆಗಳು" ಎಂಬಲ್ಲಿ ಅವಿತ ಕೊಂಡಿ, ಆಮೇಲೆ "ನೀವು ಈ ಹೆಸರನ್ನು ಶಾಶ್ವತವಾಗಿ ಕಳೆದುಕೊಳ್ಳಬಹುದು" ಎಂಬ ಕೆಂಪಕ್ಷರ, ಆಮೇಲೆ ಕಾರಣ ಹೇಳಿ ಎಂಬ ಪ್ರಶ್ನೆ, ಆಮೇಲೆ ರಿಯಾಯಿತಿ, ಕೊನೆಗೆ ಮಂಕು ಬಣ್ಣದ ಗುಂಡಿ. ಅಮ್ಮ ಕನ್ನಡಕ ಏರಿಸಿ ನೋಡಿ, "ಕಾರಣ ಏನು ಅಂತ ಕೇಳ್ತಾರಾ? ಸತ್ತುಹೋಗಿದ್ದಾರೆ ಅಂತ ಬರಿ" ಎಂದರು. ಪಟ್ಟಿಯಲ್ಲಿ ಆ ಕಾರಣ ಇರಲಿಲ್ಲ.

ಉಳಿದ ಒಂದು ಹೆಸರನ್ನು ಅಮ್ಮನ ಹೆಸರಿಗೆ ಮಾಡಿ, ಕಡಿಮೆ ದರದ ಇನ್ನೊಂದು ಕಂಪನಿಗೆ ಒಯ್ಯೋಣ ಎಂದುಕೊಂಡೆ. ಇಲ್ಲಿ ನಾನು ಎಡವಿದ್ದನ್ನು ಹೇಳಿಬಿಡುತ್ತೇನೆ, ನಿಮಗಾದರೂ ಉಪಯೋಗವಾದೀತು. ಮೊದಲು ಮಾಲೀಕರ ಹೆಸರು ಮತ್ತು ಇಮೇಲ್ ಬದಲಾಯಿಸಿದೆ. ಹಳೆಯ ಮಾಲೀಕರ ಒಪ್ಪಿಗೆ ಬೇಕೆಂದು ಮೇಷ್ಟ್ರ ಇಮೇಲಿಗೆ ಕೊಂಡಿ ಬಂತು. ಸತ್ತವರ ಪರವಾಗಿ ನಾನೇ ಒತ್ತಿದೆ, ಸ್ವೀಕಾರವಾಯಿತು. ಆಮೇಲೆ ಗೊತ್ತಾಯಿತು, ಮಾಲೀಕರು ಬದಲಾದರೆ ಆ ಹೆಸರಿಗೆ 60 ದಿನ ಬೀಗ. ಅಲ್ಲಿಯವರೆಗೆ ಬೇರೆ ಕಂಪನಿಗೆ ಒಯ್ಯುವಂತಿಲ್ಲ. ಈ ಬೀಗ ಬೇಡವೆಂದು ಮೊದಲೇ ಹೇಳುವ ಅವಕಾಶವನ್ನು ಕಂಪನಿ ಕೊಡಬಹುದು, ಕೊಡದೆಯೂ ಇರಬಹುದು. ನಮ್ಮ ಅವಧಿ ಮುಗಿಯಲು ಉಳಿದದ್ದು 40 ದಿನ. ಅಂದರೆ ಬಿಟ್ಟುಹೋಗಬೇಕೆಂದಿದ್ದ ಕಂಪನಿಗೇ ಇನ್ನೊಂದು ವರ್ಷದ ಹಣ.

ಅದೂ ಸಾಲದೆಂಬಂತೆ ಇನ್ನೊಂದು ನಿಯಮ. ಡಾಟ್ ಕಾಮ್ ಹೆಸರು ತಾನಾಗಿ ನವೀಕರಣವಾದ 45 ದಿನದೊಳಗೆ ಬೇರೆ ಕಂಪನಿಗೆ ಹೋದರೆ, ಆ ನವೀಕರಣದ ವರ್ಷ ಲೆಕ್ಕದಿಂದ ಅಳಿಸಿಹೋಗುತ್ತದೆ. ಹಳೆಯ ಕಂಪನಿಗೆ ಅದರ ಸಗಟು ಹಣ ರಿಜಿಸ್ಟ್ರಿಯಿಂದ ವಾಪಸು ಬರುತ್ತದೆ. ಗ್ರಾಹಕ ಕಟ್ಟಿದ ಹಣ? ಅದನ್ನು ಅವನೇ ಕೇಳಿ ಪಡೆಯಬೇಕು. ಇದನ್ನು ಯಾವ ಪುಟದ ಮೇಲೂ ದಪ್ಪ ಅಕ್ಷರದಲ್ಲಿ ನಾನು ನೋಡಲಿಲ್ಲ. ಹಾಗಾಗಿ ಜನವರಿ ಮುಗಿಯುವವರೆಗೆ ಕಾದೆವು. ವರ್ಗಾವಣೆಯ ಗುಪ್ತಸಂಖ್ಯೆ ಕೇಳಿದರೆ ಕೊಡಲು ಅವರಿಗೆ 5 ದಿನ, ಬಿಟ್ಟುಕೊಡಲು ಮತ್ತೆ 5 ದಿನ. ಈ ಕೊನೆಯ 5 ದಿನದಲ್ಲಿ ಮಾತ್ರ ನಾವು ಸುಮ್ಮನಿದ್ದರೆ ನಮ್ಮ ಕೆಲಸವಾಗುತ್ತದೆ. ಆದರೆ ಆಗ ಅವರು ಸುಮ್ಮನಿರುವುದಿಲ್ಲ. ಹನ್ನೊಂದು ವರ್ಷ ಏನನ್ನೂ ಕೇಳದಿದ್ದವರು, "ನಿಜವಾಗಿಯೂ ಹೋಗುತ್ತೀರಾ?" ಎಂದು ಇಮೇಲ್ ಮೇಲೆ ಇಮೇಲ್ ಹಾಕಿದರು. ಕೇಳಲು ಬರುತ್ತದೆ ಅವರಿಗೆ!

ಬೀಗ ಇರುವುದು ಕಳ್ಳರಿಗಾಗಿ ಎಂಬುದನ್ನು ಒಪ್ಪುತ್ತೇನೆ. ನವೀಕರಣದ ಬಿಲ್ಲಿನಂತೆ ಕಾಣುವ ಕಾಗದ ಕಳಿಸಿ, ಹಣ ಕಟ್ಟಿದವರ ಹೆಸರನ್ನು ತಮ್ಮ ಕಡೆಗೆ ಎಳೆದುಕೊಳ್ಳುವ ಮೋಸ ಹಳೆಯದು. ಡೊಮೈನ್ ರಿಜಿಸ್ಟ್ರಿ ಆಫ್ ಅಮೆರಿಕ ಎಂಬ ಕಂಪನಿಯನ್ನು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2003ರಲ್ಲಿ ಇದೇ ಕಾರಣಕ್ಕೆ ಕೋರ್ಟಿಗೆ ಎಳೆದಿತ್ತು. ಆದರೆ ಕಳ್ಳ ಒಳಬರದಂತೆ ಹಾಕಿದ ಬೀಗ ಮನೆಯವರು ಹೊರಗೆ ಹೋಗದಂತೆ ತಡೆಯುತ್ತಿದ್ದರೆ, ಕೀಲಿಕೈ ಯಾರ ಕೈಯಲ್ಲಿದೆ ಎಂದು ಕೇಳಲೇಬೇಕು.

ಈ ಹೊರಗೆ ಹೋಗುವ ಹಕ್ಕು ಪುಕ್ಕಟೆ ಬಂದದ್ದಲ್ಲ. 1995ರಲ್ಲಿ ಅಮೆರಿಕದ ನೆಟ್‌ವರ್ಕ್ ಸೊಲ್ಯೂಷನ್ಸ್ ಎಂಬ ಒಂದೇ ಕಂಪನಿ ಡಾಟ್ ಕಾಮ್ ಹೆಸರುಗಳನ್ನು ಕೊಡುತ್ತಿತ್ತು. ಎರಡು ವರ್ಷಕ್ಕೆ 100 ಡಾಲರ್ ಎಂದರೆ 100 ಡಾಲರ್. 1998ರಲ್ಲಿ ಐಕ್ಯಾನ್ ಹುಟ್ಟಿ, 1999ರಲ್ಲಿ ಬೇರೆ ಕಂಪನಿಗಳಿಗೂ ಮಾರಲು ಬಿಟ್ಟ ಮೇಲೆ ಬೆಲೆ ಇಳಿಯಿತು. ಇವತ್ತು ಡಾಟ್ ಕಾಮ್ ಹೆಸರೊಂದಕ್ಕೆ ರಿಜಿಸ್ಟ್ರಿಯಾದ ವೆರಿಸೈನ್ ಪಡೆಯುವ ಸಗಟು ದರ ವರ್ಷಕ್ಕೆ 10.26 ಡಾಲರ್. ಅದರ ಮೇಲಿನದ್ದು ಮಾರುವವರ ವಿಚಾರ. ಹಾಗಾಗಿ ಹತ್ತು ಅಂಗಡಿ ಇದ್ದರೆ ಮಾತ್ರ ಸಾಲದು, ಒಂದರಿಂದ ಎದ್ದು ಇನ್ನೊಂದಕ್ಕೆ ಹೋಗಲು ದಾರಿಯೂ ಬೇಕು. ಆ ದಾರಿಗೆ ಮುಳ್ಳು ಹಾಕಿದರೆ ಸ್ಪರ್ಧೆ ಎಂಬುದು ಕಾಗದದ ಮೇಲೆ ಮಾತ್ರ ಉಳಿಯುತ್ತದೆ.

ನಮ್ಮಲ್ಲಿ ಕಾನೂನಿಲ್ಲ ಎನ್ನುವಂತೆಯೂ ಇಲ್ಲ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ, ಗ್ರಾಹಕರನ್ನು ದಾರಿತಪ್ಪಿಸುವ 13 ಬಗೆಯ ಜಾಲತಾಣ ತಂತ್ರಗಳನ್ನು ಹೆಸರಿಸಿ ನಿಷೇಧಿಸಿದೆ. ಚಂದಾ ರದ್ದುಮಾಡುವ ದಾರಿಯನ್ನು ಅಡಗಿಸುವುದು, ಕಗ್ಗಂಟು ಮಾಡುವುದು ಅದರಲ್ಲಿ ಒಂದು. ದೂರು ಹೇಳಲು 1915 ಎಂಬ ಸಹಾಯವಾಣಿಯೂ ಇದೆ. ಆದರೆ ಸಾವಿರದ ಚಿಲ್ಲರೆಗೆ ಯಾರು ದೂರು ಕೊಡುತ್ತಾರೆ ಎಂಬುದು ಅವರಿಗೂ ಗೊತ್ತು, ನಮಗೂ ಗೊತ್ತು.

ನಾನು ಕೇಳುವುದು ದೊಡ್ಡದೇನಲ್ಲ. ಮೊದಲ ವರ್ಷದ ದರವನ್ನು ಬರೆದಷ್ಟೇ ದಪ್ಪಗೆ ಎರಡನೆಯ ವರ್ಷದ ದರವನ್ನೂ ಬರೆಯಲಿ. ಗುರುತು ಹಾಕುವ ಕೆಲಸ ನಮಗೆ ಬಿಡಲಿ. ಶುರುಮಾಡಿದಷ್ಟೇ ಸುಲಭದಲ್ಲಿ ನಿಲ್ಲಿಸಲು ಬಿಡಲಿ. ಮಾಲೀಕರನ್ನು ಬದಲಾಯಿಸುವ ಪುಟದ ತಲೆಯ ಮೇಲೆಯೇ 60 ದಿನದ ಬೀಗದ ವಿಷಯ ಹೇಳಲಿ. ಸತತ ಎರಡು ವರ್ಷ ಯಾರೂ ಇಮೇಲ್ ತೆರೆಯದ, ಒಂದು ಪುಟವೂ ಇಲ್ಲದ ಹೆಸರಿಗೆ ಹಣ ಎಳೆಯುವ ಮೊದಲು ಒಂದು ಉತ್ತರಕ್ಕೆ ಕಾಯಲಿ. ಎಲ್ಲಕ್ಕಿಂತ ಮುಖ್ಯವಾಗಿ, ನಾಮಿನಿ ಇರಲಿ. ಹಳ್ಳಿಯ ಸಹಕಾರ ಸಂಘದ ಠೇವಣಿಗೂ ನಾಮಿನಿಯ ಹೆಸರು ಬರೆಸಿಕೊಳ್ಳುತ್ತಾರೆ. ಒಬ್ಬ ಮನುಷ್ಯ ವರ್ಷಗಟ್ಟಲೆ ಕೂಡಿಹಾಕಿದ ಪದಗಳ ವಿಳಾಸಕ್ಕೆ ವಾರಸುದಾರರು ಯಾರು ಎಂದು ಯಾವ ಅರ್ಜಿಯೂ ಕೇಳಲಿಲ್ಲ. ಕಾರ್ಡಿನ ಸಂಖ್ಯೆಯನ್ನು ಮಾತ್ರ ಎಲ್ಲರೂ ಕೇಳಿದರು.

ನೀವೂ ಇವತ್ತು ಸಂಜೆ ಒಂದು ಹತ್ತು ನಿಮಿಷ ಕೂತು ನೋಡಿ. ನಿಮ್ಮ ಖಾತೆಯಲ್ಲಿ ಎಷ್ಟು ಹೆಸರುಗಳಿವೆ, ಯಾವುದು ಬೇಕು, ಯಾವುದು ಬೇಡ, ಪಾಸ್‌ವರ್ಡ್ ಮನೆಯಲ್ಲಿ ಯಾರಿಗೆ ಗೊತ್ತಿದೆ. ಕಂಪನಿ ಬಿಡುವುದಿದ್ದರೆ ಮೊದಲು ಹೆಸರನ್ನು ಒಯ್ಯಿರಿ, ಮಾಲೀಕರ ವಿವರ ಆಮೇಲೆ ಬದಲಾಯಿಸಿ. ಅವಧಿ ಮುಗಿಯುವ ಎರಡು ತಿಂಗಳ ಮೊದಲೇ ಹೊರಡಿ. ಒಯ್ದ ಕಡೆ ಒಂದು ವರ್ಷ ಸೇರಿಕೊಳ್ಳುತ್ತದೆ, ಉಳಿದ ದಿನಗಳು ನಷ್ಟವಾಗುವುದಿಲ್ಲ.

ಫೆಬ್ರವರಿಯಲ್ಲಿ ಮೇಷ್ಟ್ರ ಹೆಸರು ಹೊಸ ಕಂಪನಿಗೆ ಬಂತು. ಖಾಲಿ ಬಿದ್ದಿದ್ದ ಮೂರು ಹೆಸರುಗಳಿಗೆ ಆ ಡಿಸೆಂಬರಿನಲ್ಲಿ ಯಾರೂ ಹಣ ಕಟ್ಟಲಿಲ್ಲ. ಅವನ್ನು ಕದಿಯಲು ಇವತ್ತಿನವರೆಗೆ ಯಾರೂ ಬಂದಿಲ್ಲ. ಹೊಸ ಕಡೆ ಆಟೋ ರಿನ್ಯೂವಲ್ ಇಡಲೋ ಬೇಡವೋ ಎಂದು ಅಮ್ಮನನ್ನು ಕೇಳಿದೆ. ಅವರು ಸ್ವಲ್ಪ ಯೋಚಿಸಿ ಮೇಷ್ಟ್ರ ಡೈರಿ ತರಿಸಿಕೊಂಡರು. ಪಾಸ್‌ವರ್ಡ್ ಇದ್ದ ಪುಟದಲ್ಲಿಯೇ, ಅದರ ಕೆಳಗೆ, ಮುಂದಿನ ತಾರೀಖನ್ನು ತಮ್ಮ ಕೈಯಲ್ಲಿ ಬರೆದು, "ಒಂದು ತಿಂಗಳು ಮೊದಲು ಫೋನ್ ಮಾಡಿ ನನ್ನನ್ನ ಕೇಳು. ನಾನೇ ಕಟ್ಟು ಅಂತೀನಿ" ಎಂದರು.