ಬ್ರೇಕ್ ಒತ್ತುವ ಕಾಲು ಯಾರದು?

ಸೀರೆ ಅಂಗಡಿಗೆ ಹೋದರೆ ಸೆರಗು ಬಿಡಿಸಿ, ಅಂಚು ತಿರುವಿ, ಬೆಳಕಿಗೆ ಹಿಡಿದು ನೋಡದೆ ನಾವು ಹಣ ಎಣಿಸುವುದಿಲ್ಲ. ಕಾರು ಕಲಿಯುವ ವಿಷಯದಲ್ಲಿ ಮಾತ್ರ, ಮನೆಯವರು ಯಾವುದೋ ಬೋರ್ಡು ನೋಡಿ ಹೆಸರು ಬರೆಸಿ ಬಂದರೆ ಸಾಕು, ಮಾರನೆಯ ದಿನವೇ ಹೋಗಿ ಕೂತುಬಿಡುತ್ತೇವೆ! ಮಂಡ್ಯ, ಮದ್ದೂರು, ಮಳವಳ್ಳಿಯ ಸೋದರಿಯರೆ, ಇಲ್ಲೂ ಒಂದಿಷ್ಟು ಅಂಚು ತಿರುವಿ ನೋಡಿ.

ಕಲಿಸುವ ಕಾರಿನಲ್ಲಿ ಪಕ್ಕದಲ್ಲಿ ಕೂತವರೂ ಗಾಡಿ ತಡೆದು ನಿಲ್ಲಿಸುವಂತಿರಬೇಕು, ಅದು ಕಾನೂನು. ನಿಮ್ಮನ್ನು ಕಾಯುವುದು ಆ ಎರಡನೇ ಬ್ರೇಕೇ. ನೀವು ಕಲಿಯದಂತೆ ಮಾಡುವುದೂ ಅದೇ! ಎಷ್ಟೋ ಹೆಂಗಸರು ಸುಮ್ಮನೆ ಸ್ಟಿಯರಿಂಗ್ ಹಿಡಿದು ಕೂತಿರುತ್ತಾರೆ, ಗಾಡಿ ಓಡಿಸುವುದೆಲ್ಲ ಪಕ್ಕದವರ ಕಾಲು. "ಚೆನ್ನಾಗಿ ಓಡಿಸ್ತೀರಿ ಅಕ್ಕ" ಅನ್ನಿಸಿಕೊಂಡು, ಲೈಸೆನ್ಸೂ ಬಂದು, ಮನೆಯ ಕಾರಿನಲ್ಲಿ ಒಬ್ಬರೇ ಕೂತಾಗ ಗೊತ್ತಾಗುತ್ತದೆ, ಇಲ್ಲಿ ಆ ಕಾಲಿಲ್ಲ ಅಂತ. ಆಮೇಲೆ ಕಾರು ಶೆಡ್ಡಿನಲ್ಲಿ, ನೀವು ಅಡುಗೆಮನೆಯಲ್ಲಿ.

ಆದ್ದರಿಂದ ಮೊದಲ ವಾರ ಕಳೆದ ಮೇಲೆ ಸಂಕೋಚ ಬಿಟ್ಟು ಕೇಳಿ: "ಅಣ್ಣ, ಇವತ್ತು ನೀವೆಷ್ಟು ಸಲ ಬ್ರೇಕ್ ಒತ್ತಿದ್ರಿ?" ಒಳ್ಳೆಯವರು ನಗುತ್ತಲೇ ಲೆಕ್ಕ ಹೇಳುತ್ತಾರೆ, ದಿನದಿನಕ್ಕೆ ಆ ಲೆಕ್ಕ ಇಳಿಯುತ್ತಲೂ ಬರುತ್ತದೆ. ಸಿಡುಕಿದರೆ ಬೇರೆ ಶಾಲೆ ನೋಡಿ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರು ಕಲಿಕೆ 21 ದಿನಕ್ಕೆ ಕಡಿಮೆ ಇರಬಾರದು, ಅದರಲ್ಲಿ ನೀವೇ ಓಡಿಸಿದ್ದು 10 ಗಂಟೆಯಾದರೂ ಆಗಬೇಕು. ನಾಲ್ಕು ಜನರನ್ನು ತುಂಬಿಕೊಂಡು ಸುತ್ತಿಸಿದರೆ, ಹಿಂದಿನ ಸೀಟಿನಲ್ಲಿ ಕಳೆದ ಹೊತ್ತು ಲೆಕ್ಕಕ್ಕಿಲ್ಲ. ಈ ಸಮಯ ಬರೆಯುವ ರಿಜಿಸ್ಟರಿಗೆ ನಮೂನೆ 15 ಎನ್ನುತ್ತಾರೆ. ಅದರಲ್ಲಿ ನಿಮ್ಮ ಸಹಿಯೂ ಬೀಳಬೇಕು. ಓಡಿಸದ ದಿನಕ್ಕೆ ಸಹಿ ಹಾಕಬೇಡಿ. ಎಲ್‌ಎಲ್‌ಆರ್ ಆದ ಮೇಲೆ 30 ದಿನ ಕಳೆಯದೆ ಪರೀಕ್ಷೆ ಇಲ್ಲ, ಹಾಗಾಗಿ "ಹತ್ತೇ ದಿನಕ್ಕೆ ಲೈಸೆನ್ಸ್ ಕೈಗೆ" ಅನ್ನುವವರ ಮೆಟ್ಟಿಲು ಹತ್ತಲೇಬೇಡಿ.

ಇನ್ನು ಎಲ್ಲಿ ಕಲಿಸುತ್ತಾರೆ ಅನ್ನುವುದು. ನಾಲೆಯ ಏರಿ ರಸ್ತೆ ಖಾಲಿ ಇರುತ್ತದೆ ಎಂದು ಮೂರನೇ ದಿನವೇ ಅತ್ತ ತಿರುಗಿಸಿದರೆ ಬೇಡ ಅನ್ನಿ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಹೋದದ್ದನ್ನು ನಾವು ಮರೆತಿಲ್ಲ. ಮೊದಲು ಬಯಲು, ಆಮೇಲೆ ಊರ ಬೀದಿ. ಹಾಗಂತ ಕೊನೆಯವರೆಗೂ ಬಯಲಲ್ಲೇ ಸುತ್ತಿಸಿದರೂ ಪ್ರಯೋಜನವಿಲ್ಲ. ಕಬ್ಬು ಹೇರಿದ ಟ್ರ್ಯಾಕ್ಟರಿನ ಹಿಂದೆ ತಾಳ್ಮೆಯಿಂದ ಹೋಗುವುದು, ಎತ್ತಿನ ಗಾಡಿಗೆ ದಾರಿ ಬಿಡುವುದು, ಏರಿನಲ್ಲಿ ನಿಂತ ಕಾರು ಹಿಂದೆ ಜಾರದಂತೆ ಎತ್ತುವುದು, ಇವನ್ನೆಲ್ಲ ಮಾಡಿಸಬೇಕು. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಗೆ ಆತುರ ಬೇಡ, ಪಕ್ಕದ ಸರ್ವೀಸ್ ರಸ್ತೆಯಲ್ಲೇ ಕಲಿಯುವುದು ಬೇಕಾದಷ್ಟಿದೆ.

ಹೇಳಲು ಮುಜುಗರವಾದರೂ ಹೇಳುತ್ತೇನೆ. ಗೇರು ಹಾಕಿಸುವ ನೆಪದಲ್ಲಿ ಕೈ ಮೇಲೆ ಕೈ ಇಟ್ಟರೆ "ಬಾಯಲ್ಲಿ ಹೇಳಿ ಸಾಕು" ಅನ್ನಿ. ಒಂದು ಸಲ ಹೇಳಿದರಾಯಿತು. ಮತ್ತೆ ಅದೇ ಆದರೆ ಇಳಿದು ಬನ್ನಿ, ಕಟ್ಟಿದ ಹಣ ಹೋದರೆ ಹೋಗಲಿ. ಮೊದಲ ದಿನಗಳಲ್ಲಿ ಪಕ್ಕದ ಮನೆಯಾಕೆಯನ್ನೋ ಮಗಳನ್ನೋ ಹಿಂದೆ ಕೂರಿಸಿಕೊಳ್ಳಿ. ಬೇಡ ಎನ್ನುವ ಶಾಲೆ ನಮಗೂ ಬೇಡ.

ಕೊನೆಯ ಎರಡು ದಿನ ನಿಮ್ಮ ದಾರಿಯನ್ನೇ ಕೇಳಿ ಪಡೆಯಿರಿ: ಮಕ್ಕಳ ಸ್ಕೂಲು, ಇಲ್ಲವೇ ಮದ್ದೂರಿನಿಂದ ಮಳವಳ್ಳಿಯ ತವರು. ಪಕ್ಕದವರು ಕಾಲು ಹಿಂದಕ್ಕೆಳೆದು ಕೂರಲಿ. ನೀವು ನೆರಿಗೆ ಮೇಲೆತ್ತಿ ಸಿಕ್ಕಿಸಿ, ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಹಾಕಿಕೊಂಡು ಹೊರಡಿ.